ಹುಳು ನೂತದ್ದನ್ನು ಕರಗಿಸಿ ಮತ್ತೆ ನೂಲುವುದು

ರಾಮನಗರದ ಕಡೆಯವರು ನೋಡಿಯೇ ಇರುತ್ತೀರಿ: ಹಣ್ಣಾದ ರೇಷ್ಮೆಹುಳು ಚಂದ್ರಿಕೆ ಎಂಬ ತಟ್ಟೆಯ ಮೇಲೆ ಕೂತು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಗೂಡು ಕಟ್ಟುತ್ತದೆ. ಹೊಟ್ಟೆಯೊಳಗೆ ಅಂಟುದ್ರವವಾಗಿದ್ದದ್ದು ಆ ಎಳೆತಕ್ಕೇ ನೂಲಾಗುತ್ತದೆ. ಆ ಎಳೆಯ ದಪ್ಪ ಸುಮಾರು 10 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಅದಕ್ಕಿಂತಲೂ ಇಪ್ಪತ್ತು ಮೂವತ್ತು ಪಟ್ಟು ಸಣ್ಣ ಎಳೆ ಬೇಕೆಂದರೆ ತಲೆಯೂ ಸಾಲದು, ಚರಕವೂ ಸಾಲದು. ವಿದ್ಯುತ್ತೇ ಎಳೆಯಬೇಕು. ಇದೇ ಎಲೆಕ್ಟ್ರೋಸ್ಪಿನ್ನಿಂಗ್.

ಮೊದಲು ಹುಳು ಮಾಡಿದ್ದನ್ನೆಲ್ಲ ಅಳಿಸಬೇಕು. ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿದರೆ ಸೆರಿಸಿನ್ ಎಂಬ ಅಂಟು ಬಿಡುತ್ತದೆ. ಉಳಿದ ಫೈಬ್ರೋಯಿನ್ ಸುಲಭಕ್ಕೆ ಕರಗುವುದಿಲ್ಲ. ಲಿಥಿಯಂ ಬ್ರೋಮೈಡ್ ಉಪ್ಪಿನ ಗಾಢ ದ್ರಾವಣದಲ್ಲಿ ಬಿಸಿಯಿಟ್ಟು ಕರಗಿಸಿ, ಆಮೇಲೆ ಉಪ್ಪನ್ನು ಸೋಸಿ ತೆಗೆಯುತ್ತಾರೆ. ಇಷ್ಟು ಚೆಂದದ ನೂಲನ್ನು ಹೀಗೆ ನೀರು ಮಾಡುವುದು ನನಗಂತೂ ಹೊಟ್ಟೆ ಉರಿಸುತ್ತದೆ!

ಆ ದ್ರಾವಣ ಸಿರಿಂಜಿನೊಳಗೆ. ಸೂಜಿಗೆ ಹತ್ತು-ಇಪ್ಪತ್ತು ಸಾವಿರ ವೋಲ್ಟ್, ಒಂದು ಗೇಣು ದೂರದಲ್ಲಿ ಲೋಹದ ತಗಡು. ಸೂಜಿಯ ತುದಿಯ ಹನಿ ಮೊದಲು ಉಬ್ಬಿ, ಮೊನೆಯಾಗಿ ಚಾಚುತ್ತದೆ. ಈ ಶಂಕುವಿನ ಲೆಕ್ಕವನ್ನು 1964ರಲ್ಲಿ ಬ್ರಿಟನ್ನಿನ ಜೆಫ್ರಿ ಟೇಲರ್ ಬಿಡಿಸಿದರು; ಈ ವಿದ್ಯೆಗೆ ಪೇಟೆಂಟ್ ಸಿಕ್ಕಿದ್ದು ಮಾತ್ರ 1902ರಷ್ಟು ಹಿಂದೆಯೇ. ಮೊನೆಯಿಂದ ಚಿಮ್ಮಿದ ಧಾರೆ ನೆಟ್ಟಗೆ ಹೋಗುವುದಿಲ್ಲ. ಅದರ ಮೈತುಂಬ ಒಂದೇ ಬಗೆಯ ವಿದ್ಯುದಂಶ, ತನ್ನನ್ನು ತಾನೇ ದೂಡಿಕೊಳ್ಳುತ್ತದೆ. ಚಾಟಿ ಬೀಸಿದಂತೆ ಸುರುಳಿ ಸುತ್ತುತ್ತಾ ಹಿಗ್ಗುತ್ತದೆ. ಸಣ್ಣಗಾಗುವುದು ಮುಖ್ಯವಾಗಿ ಈ ಸುತ್ತಾಟದಲ್ಲೇ. ದಾರಿಯಲ್ಲಿ ನೀರು ಆರಿ, ತಗಡಿನ ಮೇಲೆ ಬಿಳಿ ಪೊರೆ ಕೂರುತ್ತದೆ.

ಪಾಕದ ಹದ ಮಾತ್ರ ಬಲು ಮುಖ್ಯ. ತೆಳುವಾದರೆ ಎಳೆ ತುಂಡಾಗಿ ಮಣಿ ಮಣಿ ಬೀಳುತ್ತದೆ. ಉದ್ದನೆಯ ಅಣುಗಳು ಒಂದಕ್ಕೊಂದು ತೊಡರಿಕೊಂಡಷ್ಟು ಗಟ್ಟಿಯಿರಬೇಕು, ಒಂದೆಳೆ ಪಾಕದ ಹಾಗೆ. ಅದಕ್ಕೇ ರೇಷ್ಮೆಗೆ ಪಾಲಿಎಥಿಲೀನ್ ಆಕ್ಸೈಡ್ ಬೆರೆಸುವುದುಂಟು. ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಎಂಬ ಪದಾರ್ಥವನ್ನೂ ಹೀಗೆ ನೂಲುವುದುಂಟು, ಅದು ಇನ್ನೂ ಹಟಮಾರಿ.

ಹೊಸ ಪೊರೆ ನೀರಿಗೆ ಬಿದ್ದರೆ ಮತ್ತೆ ಕರಗೀತು. ಮೆಥನಾಲಿನಲ್ಲಿ ಅದ್ದಿದರೆ ಅಣುಗಳು ಮಡಿಸಿದ ಹಾಳೆಯಂತೆ ಒತ್ತಾಗಿ ಜೋಡಿಕೊಂಡು ಗಟ್ಟಿಯಾಗುತ್ತವೆ. ಗಾಯದ ಮೇಲೆ ಹೊದಿಸಲು, ಜೀವಕೋಶಗಳು ಹಬ್ಬಲು ಹಂದರವಾಗಿ ಇದನ್ನು ಪ್ರಯೋಗಿಸುತ್ತಿದ್ದಾರೆ.

ಒಂದು ಸೂಜಿಯಿಂದ ಗಂಟೆಗೆ ಒಂದು ಮಿಲಿಲೀಟರ್ ಇಳಿದರೆ ಹೆಚ್ಚು. ಹಾಗಾದರೆ ನೂರು ಸೂಜಿ ನಿಲ್ಲಿಸೋಣವೆ? ಚಂದ್ರಿಕೆಯಲ್ಲಿ ಹುಳುಗಳನ್ನು ಒತ್ತೊತ್ತಾಗಿ ಬಿಟ್ಟರೆ ಎರಡು ಸೇರಿ ಜೋಡಿಗೂಡು ಕಟ್ಟುತ್ತವಲ್ಲ, ಇಲ್ಲಿ ಅದರ ತದ್ವಿರುದ್ಧ: ಪಕ್ಕಪಕ್ಕದ ಧಾರೆಗಳು ಒಂದನ್ನೊಂದು ತಳ್ಳಿ, ತಗಡು ಬಿಟ್ಟು ಎಲ್ಲೆಲ್ಲೋ ಹೋಗಿ ಅಂಟಿಕೊಳ್ಳುತ್ತವೆ.