ಅಂಗಡಿ ಲೆಕ್ಕ ಹತ್ತು ಜನರ ಮುಂದೆ
(ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಭಾಷಣಕಾರನಲ್ಲ. ಆದರೂ ಸಾಲದ ಅರ್ಜಿಗಳನ್ನು ನೋಡುವ ಕೆಲಸ ಇರುವುದರಿಂದ, ನಮ್ಮೂರಿನ ಸಣ್ಣ ವ್ಯಾಪಾರಸ್ಥರ ಬಗ್ಗೆ ಎರಡು ಮಾತು ಹೇಳುತ್ತೇನೆ.

ಒಂದು ಟೀ ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 2,000 ರೂಪಾಯಿ ವ್ಯಾಪಾರ. ಹಾಲು, ಸಕ್ಕರೆ, ಟೀ ಪುಡಿ, ಗ್ಯಾಸ್ ಸೇರಿ 1,300. ಬಾಡಿಗೆ, ಕರೆಂಟು 150. ಉಳಿದದ್ದು 550. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಎಂಟರವರೆಗೆ ದುಡಿದಿರುತ್ತಾರೆ. ಅವರ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದರಲ್ಲಿ 300 ರೂಪಾಯಿ ಉದ್ರಿ ಹೋದರೆ ಕೈಯಲ್ಲಿ ಇರುವುದು 250. ಮನೆಗೆ ತರಕಾರಿ, ಮಗನ ಬಸ್ಸಿಗೆ ಕಾಸು, ಎಲ್ಲಾ ಅದೇ ಗಲ್ಲಾದಿಂದಲೇ. ಸಾಲದಿದ್ದರೆ ಅಸಲಿಗೇ ಕೈ ಹಾಕಬೇಕು. ನಾಳೆ ಹಾಲಿನವನಿಗೆ ಕೊಡಲು ದುಡ್ಡಿಲ್ಲ.

ಆಗ ಬರುವವನೇ ದಿನದ ಫೈನಾನ್ಸಿನವನು. ಹತ್ತು ಸಾವಿರ ಅಂತ ಬರೆದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾನೆ, ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. ‘ಸಾವಿರ ತಾನೇ ಹೋಗೋದು’ ಅಂತೀವಿ. ಆದರೆ ಆ ಒಂಬತ್ತು ಸಾವಿರ ನೂರು ದಿನವೂ ನಮ್ಮ ಹತ್ತಿರ ಇರುವುದಿಲ್ಲವಲ್ಲ, ಮೊದಲ ದಿನದಿಂದಲೇ ವಾಪಸ್ ಹೋಗುತ್ತಿರುತ್ತದೆ. ಸರಾಸರಿ ನಾಲ್ಕೂವರೆ ಸಾವಿರಕ್ಕೆ ಮೂರು ತಿಂಗಳು ಹತ್ತು ದಿನಕ್ಕೆ ಸಾವಿರ ಬಡ್ಡಿ. ವರ್ಷದ ಲೆಕ್ಕಕ್ಕೆ ನೂರಕ್ಕೆ ಎಂಬತ್ತು ಆಗುತ್ತದೆ! ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ಸರ್ಕಾರ ಕಾನೂನು ಮಾಡಿದೆ, ಒಳ್ಳೆಯದೇ. ಗಲ್ಲಾ ತುಂಬಿಸುವ ಕೆಲಸ ಮಾತ್ರ ಕಾನೂನಿನದಲ್ಲ.

ತರಬೇತಿ ಕೊಡಿಸೋಣ ಎನ್ನುತ್ತಾರೆ. ಸಾಹೇಬರು ಬರುತ್ತಾರೆ, ಮಾತಾಡುತ್ತಾರೆ, ಊಟ ಮಾಡಿ ಎದ್ದು ಹೋಗುತ್ತೇವೆ. ಅದೇ ಹಿಟ್ಟಿನ ಗಿರಣಿಯವರು, ಟೈಲರ್ ಅಕ್ಕ, ತರಕಾರಿ ಮಾರುವವರು, ಸೈಕಲ್ ಶಾಪಿನವರು ತಿಂಗಳಿಗೊಮ್ಮೆ ಪುಸ್ತಕ ಬಿಚ್ಚಿಕೊಂಡು ಕೂತರೆ ಮಾತೇ ಬೇರೆ. ‘ಅಣ್ಣಾ, ಹೋದ ತಿಂಗಳು ಉದ್ರಿ ಎರಡು ಸಾವಿರ ಇತ್ತು, ಈಗ ಐದಾಗಿದೆಯಲ್ಲ, ಯಾರ ಹತ್ತಿರ ಸಿಕ್ಕಿಕೊಂಡಿದೆ?’ ಅಂತ ಸಾಹೇಬರು ಕೇಳುವುದಿಲ್ಲ, ಪಕ್ಕದ ಅಂಗಡಿಯವರು ಕೇಳುತ್ತಾರೆ. ಎರಡು ಕಿರಾಣಿ ಅಂಗಡಿಯವರನ್ನು ಮಾತ್ರ ಒಂದೇ ಗುಂಪಿಗೆ ಹಾಕಬಾರದು, ಇಬ್ಬರೂ ನಿಜ ಹೇಳುವುದಿಲ್ಲ. ಇದು ನನ್ನ ಅಭಿಪ್ರಾಯ, ಬೇಜಾರಾಗಬೇಡಿ.

ಇದು ಹೊಸ ವಿಚಾರವಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದೂ ಒಬ್ಬರನ್ನೊಬ್ಬರು ಬಲ್ಲ ಊರಿನವರನ್ನು ನಂಬಿ. 1980ರ ದಶಕದ ನಡುವೆ, ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದಾಗ, ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಕೂತು ಉಳಿತಾಯ, ಸಾಲ ತಾವೇ ನೋಡಿಕೊಂಡರು. ನಮ್ಮಂಥ ಸಂಘದವರಿಗೆ ಕೇಳಲು ಸ್ವಲ್ಪ ಕಹಿ, ಆದರೆ ನಡೆದದ್ದು. ನಬಾರ್ಡ್ 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ನಮ್ಮ ಹೆಣ್ಣುಮಕ್ಕಳು ವಾರವಾರ ಸಭೆ, ಉಳಿತಾಯ, ಪುಸ್ತಕ ಬರೆಯುವುದು ಎಲ್ಲಾ ಕಲಿತಿದ್ದಾರೆ. ಗಂಡಸರು ಅವರ ಹತ್ತಿರ ಕಲಿಯಲು ನಾಚಬೇಕಾಗಿಲ್ಲ.

ಸಾಲ ಕೊಡುವ ಮೊದಲು ಮೂರು ತಿಂಗಳ ಅಂಗಡಿ ಲೆಕ್ಕ ಕೇಳೋಣ ಎಂದು ಆಡಳಿತ ಮಂಡಳಿಯಲ್ಲಿ ಹೇಳಿದ್ದೇನೆ, ಇನ್ನೂ ತೀರ್ಮಾನ ಆಗಿಲ್ಲ. ಬರುವ ತಿಂಗಳ ಮೊದಲ ಸೋಮವಾರ ಸಂಜೆ ಏಳಕ್ಕೆ ಸಂಘದ ಗೋದಾಮಿನಲ್ಲಿ ಕೂರೋಣ. ಎಂಟೋ ಹತ್ತೋ ಜನ ಸಾಕು. ಒಂದು ನೋಟ್ ಪುಸ್ತಕ, ಉದ್ರಿ ಚೀಟಿಗಳು ತನ್ನಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಗಳನ್ನೋ ಮಗನನ್ನೋ ಕರೆದುಕೊಂಡು ಬನ್ನಿ. ಟೀ ನನ್ನ ಲೆಕ್ಕದಲ್ಲಿ, ಉದ್ರಿಯಲ್ಲ!