ಕೈಯ ಬ್ಯಾಂಡು ಮತ್ತು ಕಾಣೆಯಾದ ಸಂಗಾತಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೆಜ್ಜೆ ಎಣಿಸುವ ಕೈ ಬ್ಯಾಂಡಿನ ವಿಷಯ ಕಾರ್ಮಿಕರ ಸಭೆಯಲ್ಲಿ ಏಕೆಂದು ಕೆಲವರು ಕೇಳಿದ್ದಾರೆ. ಅದು ಬೆಳಿಗ್ಗೆ ಸಮುದ್ರದಂಡೆಯಲ್ಲಿ ಓಡುವ ಶ್ರೀಮಂತರ ಶೋಕಿ ಎಂದು ಅವರ ಭಾವನೆ. ಆದರೆ ಸುತ್ತ ನೋಡಿರಿ, ಇಲ್ಲಿಯೇ ಎಷ್ಟು ಸಪ್ಲಾಯರ್ ಹುಡುಗರ ಕೈಯಲ್ಲಿ ಅದಿದೆ! ಪಾಳಿ ಮುಗಿದ ಮೇಲೆ ಯಾರದು ಹೆಚ್ಚು ಹೆಜ್ಜೆಯೆಂದು ಪಂಥ ಕಟ್ಟುತ್ತಾರೆ. ಮೇಜಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮೇಜಿಗೆ ನಡೆಯುವ ನಮ್ಮೆದುರು ಸಮುದ್ರದಂಡೆಯವರು ಗೆಲ್ಲಲಾರರು. ಆ ಹೆಜ್ಜೆಗೆ ತಕ್ಕ ಸಂಬಳದ ಮಾತು ಇನ್ನೊಂದು ದಿನ ಆಡೋಣ.

ನಮ್ಮವನೊಬ್ಬ ಕಾಣೆಯಾದಾಗ ಆ ಬ್ಯಾಂಡು ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದೇ ಇಂದಿನ ವಿಷಯ. ಊರು ಬಿಟ್ಟು ಈ ಮುಂಬಯಿಗೆ ಬಂದವರು ನಾವು. ಹುಡುಗ ಕೆಲಸಕ್ಕೆ ಬಾರದಿದ್ದರೆ "ಊರಿಗೆ ಹೋಗಿರಬೇಕು" ಎನ್ನುತ್ತೇವೆ. ಫೋನು ಬಾರದಿದ್ದರೆ "ಕೆಲಸ ಹೆಚ್ಚಿರಬೇಕು" ಎಂದು ಕುಂದಾಪುರದಲ್ಲಿ ತಾಯಿ ಸಮಾಧಾನ ಮಾಡಿಕೊಳ್ಳುತ್ತಾಳೆ. ಈ ಎರಡು "ಇರಬೇಕು"ಗಳ ನಡುವೆ ವಾರ ಕಳೆದುಹೋಗುತ್ತದೆ.

ಅಮೆರಿಕದಲ್ಲಿ ನಡೆದ ಒಂದು ಸಂಗತಿ ಕೇಳಿರಿ. 2018ರ ಜುಲೈ 18ರ ಸಂಜೆ ಅಯೋವಾ ರಾಜ್ಯದ ಬ್ರೂಕ್ಲಿನ್ ಎಂಬ ಸಣ್ಣ ಊರಿನಲ್ಲಿ ಓಡಲು ಹೋದ 20 ವರ್ಷದ ವಿದ್ಯಾರ್ಥಿನಿ ಮರಳಲಿಲ್ಲ. ಅವಳು ಫಿಟ್‌ಬಿಟ್ ಬ್ಯಾಂಡು ಕಟ್ಟುತ್ತಿದ್ದಳು. ತನಿಖೆಯವರು ಅದರ ಲೆಕ್ಕವನ್ನೂ ಫೋನಿನ ಲೆಕ್ಕವನ್ನೂ ಅರಸಿದರು. ಆದರೆ ದಾರಿ ತೋರಿಸಿದ್ದು ಒಂದು ಮನೆಯ ಕ್ಯಾಮರಾ. ಅವಳು ಓಡುತ್ತಿದ್ದ ಕಡೆ ಒಂದು ಕಾರು ಹಿಂದೆ ಮುಂದೆ ಸುಳಿದದ್ದು ಅದರಲ್ಲಿತ್ತು. ಆಗಸ್ಟ್ 21ರಂದು ಜೋಳದ ಹೊಲದಲ್ಲಿ ಅವಳ ಶವ ಸಿಕ್ಕಿತು. 2021ರಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು.

ಬ್ಯಾಂಡು ಇದ್ದರೆ ಸಾಕು, ಮನುಷ್ಯ ಸಿಕ್ಕಿಯೇ ಬಿಡುತ್ತಾನೆ ಎಂದು ನಂಬುವುದು ತಪ್ಪು. ಏಕೆಂದು ನಮ್ಮ ಹೊಟೇಲಿನ ಲೆಕ್ಕದಲ್ಲೇ ನೋಡೋಣ. ಬ್ಯಾಂಡು ಎಂದರೆ ಸಪ್ಲಾಯರ್. ಹೆಜ್ಜೆ, ಎದೆಬಡಿತ ಬರೆದುಕೊಳ್ಳುತ್ತದೆ. ಫೋನು ಎಂದರೆ ಗಲ್ಲಾ. ಹತ್ತಿರವಿದ್ದಾಗ ಬ್ಲೂಟೂತಿನ ಮೂಲಕ ಬ್ಯಾಂಡು ಅಲ್ಲಿಗೆ ಲೆಕ್ಕ ಒಪ್ಪಿಸುತ್ತದೆ. ಅಲ್ಲಿಂದ ಅದು ಇಂಟರ್‌ನೆಟ್ಟಿನ ಮೂಲಕ ಕಂಪೆನಿಯ ದೊಡ್ಡ ಖಾತೆಪುಸ್ತಕ ಸೇರುತ್ತದೆ. ಸಪ್ಲಾಯರ್ ಬರೆದುಕೊಂಡು ಗಲ್ಲಾಕ್ಕೆ ಹೇಳದ ಬಿಲ್ಲು ಪುಸ್ತಕದಲ್ಲಿ ಇರುವುದುಂಟೆ? ಫೋನು ಸತ್ತರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಕೈಯಲ್ಲೇ ಉಳಿಯುತ್ತದೆ. ಮೇಲಾಗಿ ನಾವು ಕೊಳ್ಳುವ ಅಗ್ಗದ ಬ್ಯಾಂಡುಗಳಲ್ಲಿ ಅನೇಕಕ್ಕೆ ಜಾಗ ಗುರುತಿಸುವ ಜಿಪಿಎಸ್ ಇಲ್ಲ. ಅದಕ್ಕೆ ಫೋನೇ ಬೇಕು.

ಹಾಗಾದರೆ ಪ್ರಯೋಜನವಿಲ್ಲವೇ? ಇದೆ. ಕೊನೆಯ ಲೆಕ್ಕ ಎಷ್ಟು ಹೊತ್ತಿಗೆ ಬಂತು, ಆಗ ಅವನು ನಡೆಯುತ್ತಿದ್ದನೇ ಮಲಗಿದ್ದನೇ, ದಿನವೂ ಯಾವ ದಾರಿ ಹಿಡಿಯುತ್ತಿದ್ದ, ಇವು ತಿಳಿದರೆ ಇಡೀ ಮುಂಬಯಿ ಜಾಲಾಡುವ ಬದಲು ಎರಡು ಗಲ್ಲಿ ಜಾಲಾಡಬಹುದು. ಆದರೆ ಕಂಪೆನಿಯಿಂದ ಆ ಲೆಕ್ಕ ತರಿಸಲು ಪೋಲೀಸರ ಕಾನೂನಿನ ಕಾಗದ ಬೇಕು. ದೂರು ಕೊಡದೆ ಅದು ಹೊರಡದು. 24 ಗಂಟೆ ಕಾಯಬೇಕೆಂಬ ಕಾಯಿದೆ ಇಲ್ಲವೇ ಇಲ್ಲ. ಹಾಗೆಂದು ಯಾರಾದರೂ ಹಿಂದೆ ಕಳಿಸಿದರೆ ನಾಲ್ಕು ಜನ ಸೇರಿ ಹೋಗಿರಿ. 18 ತುಂಬದವನಾದರೆ ಪ್ರಥಮ ವರ್ತಮಾನ ವರದಿಯನ್ನೇ ದಾಖಲಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಕ್ಕಳಿಗೆ 1098, ತುರ್ತಿಗೆ 112. ಅವನ ಬ್ಯಾಂಡು ಯಾವುದು, ಫೋನು ಯಾವುದು ಎಂದು ಪೋಲೀಸರಿಗೆ ಹೇಳಬಲ್ಲವರು ಯಾರು? ಮಗ್ಗುಲಲ್ಲಿ ಮಲಗುವ ನಾವೇ.

ಇದರಲ್ಲಿ ಒಂದು ಮುಳ್ಳೂ ಇದೆ. ಸ್ಟ್ರಾವಾ ಎಂಬ ಕಂಪೆನಿ ಜನ ಓಡಿದ ದಾರಿಗಳನ್ನೆಲ್ಲ ಸೇರಿಸಿ 2017ರಲ್ಲಿ ಪ್ರಪಂಚದ ನಕ್ಷೆ ಪ್ರಕಟಿಸಿತು. 2018ರ ಜನವರಿಯಲ್ಲಿ ನೋಡಿದರೆ ಸೈನ್ಯದ ನೆಲೆಗಳೇ ಅದರಲ್ಲಿ ಬೆಳಗುತ್ತಿದ್ದವು! ಸೈನಿಕರ ಗುಟ್ಟೇ ಹಾಗಾದರೆ, ನಮ್ಮ ಹುಡುಗ ರಜೆಯ ದಿನ ಸಂಘದ ಕಚೇರಿಗೆ ಬಂದದ್ದು ಗಲ್ಲಾದಲ್ಲಿ ಕುಳಿತವರಿಗೆ ತಿಳಿಯದೆ ಇದ್ದೀತೇ? "ನಿಮ್ಮ ಕ್ಷೇಮಕ್ಕಾಗಿ ಎಲ್ಲರೂ ಲೊಕೇಶನ್ ಕೊಡಿ" ಎಂದು ಮಾಲಕರು ಕೇಳಿದರೆ ಕೊಡಬೇಡಿರಿ. ಮನೆಯವರಿಗೆ ಕೊಡಿ, ನಂಬಿದ ಸಂಗಾತಿಗೆ ಕೊಡಿ. ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ನಡೆಯುವವರು ವಾಟ್ಸಾಪಿನಲ್ಲಿ ಒಂದು ಗಂಟೆಗೋ ಎಂಟು ಗಂಟೆಗೋ ಲೊಕೇಶನ್ ಕೊಡಬಹುದು. ಹೊತ್ತು ಮುಗಿದೊಡನೆ ಅದು ತಾನೇ ನಿಲ್ಲುತ್ತದೆ.

ಮುಂಗಡ ಪಡೆದು ಕೆಲಸ ಬಿಟ್ಟವನನ್ನು "ಕಾಣೆಯಾದವನು" ಎಂದು ಹುಡುಕಿಸಲು ನಮ್ಮ ಬಳಿ ಬರುವವರೂ ಇದ್ದಾರೆ. ಅದಕ್ಕೆ ಸಂಘ ಕೈಹಾಕುವುದಿಲ್ಲ. ಪ್ರಾಯಕ್ಕೆ ಬಂದವನು ತಾನೇ ಮನಸ್ಸು ಮಾಡಿ ಹೋಗಿದ್ದರೆ, ಸುಖವಾಗಿದ್ದಾನೆಂದು ತಾಯಿಗೆ ತಿಳಿದರೆ ಸಾಕು. ವಿಳಾಸ ಕೊಡುವುದು ಬಿಡುವುದು ಅವನ ಇಷ್ಟ.

ಬರುವ ರವಿವಾರ ಎಲ್ಲರೂ ಫೋನು, ಬ್ಯಾಂಡು ತನ್ನಿರಿ. ಫೋನಿನಲ್ಲಿ *#06# ಒತ್ತಿದರೆ ಅದರ ಐಎಂಇಐ ನಂಬರು ಬರುತ್ತದೆ. ಅದನ್ನೂ ಬ್ಯಾಂಡಿನ ಕಂಪೆನಿಯ ಹೆಸರನ್ನೂ ಖಾತೆಯ ಇ-ಮೇಲನ್ನೂ ಊರಿನ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ, ನಂಬಿದ ಸಂಗಾತಿಯ ಪೆಟ್ಟಿಗೆಯಲ್ಲಿಡೋಣ. ಪಾಸ್‌ವರ್ಡ್ ಬರೆಯಬೇಡಿರಿ. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ. ಬೆಳಗಿನ ಪಾಳಿಯವರಿಗಾಗಿ ಮಧ್ಯಾಹ್ನ 3ರ ನಂತರವೂ ಕಚೇರಿ ತೆರೆದಿರುತ್ತದೆ.