ಹವ್ಯಾಸಿಯ ಕ್ಯಾಮೆರಾ, ವೃತ್ತಿಪರರ ಅಳತೆ



ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವುದೇ ಲೇತ್ ಷಾಪಿಗೆ ಹೋಗಿ ಒಂದು ಬೋಲ್ಟ್ ಬೇಕೆಂದು ಹೇಳಿ ನೋಡಿ. ಕೆಲಸಗಾರ ಮೊದಲು ಕೇಳುವುದು ಅದರ ಅಳತೆಯನ್ನು. ಬೋಲ್ಟು ಎಷ್ಟು ಹೊಳೆಯಬೇಕು ಎಂಬುದು ಆಮೇಲಿನ ಮಾತು. ಇಲ್ಲಿ ಕಡೆದ ಬೋಲ್ಟಿಗೆ ಬೇರೆಲ್ಲೋ, ಬೇರೆ ಯಾರೋ ತಯಾರಿಸಿದ ನಟ್ಟು ಕೂಡಬೇಕು. ಕೂಡದಿದ್ದರೆ ಅದು ಬರೀ ಕಬ್ಬಿಣದ ತುಂಡು. ವಿಡಿಯೋ ಚಿತ್ರೀಕರಣ ಮತ್ತು ಸಂಕಲನದಲ್ಲಿ ಹವ್ಯಾಸಿ ಯಾರು, ವೃತ್ತಿಪರ ಯಾರು ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆಯೆಂದು ನನ್ನ ಅಭಿಪ್ರಾಯ. ದುಬಾರಿ ಕ್ಯಾಮೆರಾ ಹೆಗಲ ಮೇಲಿದ್ದ ಮಾತ್ರಕ್ಕೆ ಯಾರೂ ವೃತ್ತಿಪರರಾಗುವುದಿಲ್ಲ. ತಾನು ಮಾಡಿದ್ದು ಮುಂದಿನವರ ಯಂತ್ರದಲ್ಲಿ ಸರಿಯಾಗಿ ಕೂಡಬೇಕೆಂಬ ಎಚ್ಚರ ಇರುವವನೇ ವೃತ್ತಿಪರ.

ಇದಕ್ಕೆ ಮೈಸೂರಿನಲ್ಲೇ ಒಂದು ಹಳೆಯ ನಿದರ್ಶನವಿದೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ನಡೆಸಿದರು. ಅವರು ಎಂಜಿನಿಯರರಲ್ಲ, ಹವ್ಯಾಸಿಗಳು. ಆದರೂ ಊರಿನವರ ರೇಡಿಯೋ ಪೆಟ್ಟಿಗೆಗಳು ಹಿಡಿಯಬಲ್ಲ ತರಂಗಾಂತರದಲ್ಲೇ ಅವರು ಪ್ರಸಾರ ಮಾಡಬೇಕಾಗಿತ್ತು. ಮನೆಯ ಕೇಂದ್ರವೆಂದು ಅಳತೆಯಲ್ಲಿ ರಿಯಾಯಿತಿ ಸಿಗುತ್ತಿರಲಿಲ್ಲ.

ಇನ್ನು ವಿಡಿಯೋದ ಅಳತೆಗಳನ್ನು ನೋಡೋಣ. ನಮ್ಮ ದೇಶದ ಹಳೆಯ ದೂರದರ್ಶನ ವ್ಯವಸ್ಥೆಯಾದ ‘ಪಾಲ್’ನಲ್ಲಿ ಸೆಕೆಂಡಿಗೆ 25 ಚಿತ್ರಗಳು, ಒಂದೊಂದು ಚಿತ್ರಕ್ಕೆ 625 ಗೆರೆಗಳು. ಅವುಗಳಲ್ಲಿ ಪರದೆಯ ಚಿತ್ರಕ್ಕೆ ಬಳಕೆಯಾಗುವುದು 576. ಮದುವೆ ಮನೆಗಳಲ್ಲಿ ಬಹುಕಾಲ ಮೆರೆದ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಅಡ್ಡಗಲದ ಸೂಕ್ಷ್ಮ ವಿವರ ಬಹಳ ಕಡಿಮೆ. ಸಂಕಲನ ಮಾಡಬೇಕಾದರೆ ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ನಕಲು ಮಾಡಬೇಕಾಗಿತ್ತು. ಜೆರಾಕ್ಸ್ ಪ್ರತಿಯನ್ನೇ ಮತ್ತೆ ಜೆರಾಕ್ಸ್ ಮಾಡಿದಂತೆ, ಮೂರನೆಯ ಪ್ರತಿಯಲ್ಲಿ ಮದುಮಗಳ ಸೀರೆಯ ಕೆಂಪು ಅಂಚಿನಾಚೆ ಹರಿದಿರುತ್ತಿತ್ತು.

1995ರಲ್ಲಿ ‘ಡಿ.ವಿ.’ ಎಂಬ ಡಿಜಿಟಲ್ ಮಾದರಿ ಬಂದಿತು. ಸೋನಿಯ ವಿ.ಎಕ್ಸ್.1000ದಂಥ ಸಣ್ಣ ಕ್ಯಾಮೆರಾಗಳು ಅದೇ ವರ್ಷ ಹೊರಬಂದವು. ಒಂದು ಚಿತ್ರಕ್ಕೆ 720 × 576, ಅಂದರೆ 4,14,720 ಪಿಕ್ಸೆಲ್‌ಗಳು. ಸೆಕೆಂಡಿಗೆ ಎರಡೂವರೆ ಕೋಟಿ ಬಿಟ್‌ಗಳಷ್ಟು ಚಿತ್ರದ ಮಾಹಿತಿ. ಒಂದು ಗಂಟೆಯ ಚಿತ್ರಣಕ್ಕೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ತಂತಿಯ ಮೂಲಕ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಒಂದು ಬಿಟ್ಟೂ ಕಳೆದುಹೋಗದು. ಹವ್ಯಾಸಿಗೆ ಇದು ದೊಡ್ಡ ವರವೇ ಆಯಿತು.

ಇಲ್ಲೊಂದು ತಮಾಷೆಯ ಸಂಗತಿಯನ್ನು ಹೇಳಲೇಬೇಕು. ವೃತ್ತಿಪರರಿಗೆಂದು ಸೋನಿ ‘ಡಿ.ವಿ.ಕ್ಯಾಮ್’ ಎಂಬ ಮಾದರಿಯನ್ನು ಮಾರಿತು. ಪಾಲ್ ವ್ಯವಸ್ಥೆಯಲ್ಲಿ ಅದರ ಚಿತ್ರದ ಮಾಹಿತಿ ಸಾಮಾನ್ಯ ಡಿ.ವಿ.ಯಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ವ್ಯತ್ಯಾಸ ಮುಖ್ಯವಾಗಿ ಟೇಪಿನ ಮೇಲಿನ ಸಾಲುಗಳಲ್ಲಿ. ಡಿ.ವಿ.ಯ ಸಾಲಿನ ಅಗಲ 10 ಮೈಕ್ರಾನ್, ಡಿ.ವಿ.ಕ್ಯಾಮ್‌ನದು 15. ಅದರಿಂದಾಗಿ 60 ನಿಮಿಷದ ಕ್ಯಾಸೆಟ್ಟಿನಲ್ಲಿ 40 ನಿಮಿಷ ಮಾತ್ರ ಹಿಡಿಯುತ್ತಿತ್ತು. ಇಷ್ಟು ನಷ್ಟ ಮಾಡಿಕೊಂಡದ್ದು ಏಕೆ? ಅಗಲವಾದ ಸಾಲನ್ನು ಇನ್ನೊಂದು ಯಂತ್ರ ತಪ್ಪಿಲ್ಲದೆ ಓದುತ್ತದೆ. ಚಿತ್ರದ ಅಂದ ಕಿಂಚಿತ್ತೂ ಹೆಚ್ಚಲಿಲ್ಲ, ಭರವಸೆ ಹೆಚ್ಚಿತು.

ಹಾಗೆಂದು ಎಲ್ಲ ವ್ಯತ್ಯಾಸವೂ ಟೇಪಿನ ಅಗಲದ್ದೇ ಎಂದು ತಿಳಿಯಬಾರದು. ಬಣ್ಣದ ವಿಷಯ ನೋಡಿ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗುರುತಿಸದು. ಅದಕ್ಕೇ ಪಾಲ್ ಡಿ.ವಿ.ಯಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಬಣ್ಣದ ಒಂದೇ ಅಳತೆ. 1993ರ ಡಿಜಿಟಲ್ ಬೀಟಾಕ್ಯಾಮ್‌ನಲ್ಲಿ ಎರಡಕ್ಕೆ ಒಂದು. ಬರಿಗಣ್ಣಿಗೆ ಎರಡೂ ಒಂದೇ! ಆದರೆ ಗೆಳೆಯನೊಬ್ಬನನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ, ಕಂಪ್ಯೂಟರಿನಲ್ಲಿ ಹಸಿರನ್ನು ತೆಗೆದು ಹಿಂದೆ ಅರಮನೆಯನ್ನು ಕೂರಿಸಿ ನೋಡಿ. ಡಿ.ವಿ. ಚಿತ್ರದಲ್ಲಿ ಅವನ ತಲೆಗೂದಲಿನ ಅಂಚು ಇಲಿ ಕಡಿದಂತೆ ಕಾಣುತ್ತದೆ. ನೋಡುವುದಕ್ಕೆ ಸಾಕಾದ ಚಿತ್ರ ಮುಂದಿನ ಕೆಲಸಕ್ಕೆ ಸಾಲದು.

ಗೆರೆಗಳ ಸರದಿಯಲ್ಲೂ ಇಂಥದೇ ತೊಡಕು. ಹಳೆಯ ವ್ಯವಸ್ಥೆಯಲ್ಲಿ ಒಂದು ಚಿತ್ರದ ಸರಿ ಸಂಖ್ಯೆಯ ಗೆರೆಗಳು ಒಮ್ಮೆ, ಬೆಸ ಸಂಖ್ಯೆಯವು ಒಮ್ಮೆ ಬರುತ್ತವೆ. ಡಿ.ವಿ.ಯಲ್ಲಿ ಕೆಳಗಿನ ಸಾಲು ಮೊದಲು. ಪಾಲ್‌ನ ಬೇರೆ ಬಹುಪಾಲು ಮಾದರಿಗಳಲ್ಲಿ ಮೇಲಿನದು ಮೊದಲು. ಸಂಕಲನಕಾರ ಇದನ್ನು ತಿರುವುಮುರುವು ಮಾಡಿದರೆ ದಸರಾ ಜಂಬೂಸವಾರಿಯಲ್ಲಿ ಗಂಭೀರವಾಗಿ ನಡೆಯುವ ಆನೆ ಪರದೆಯ ಮೇಲೆ ಗಡಗಡ ನಡುಗುತ್ತದೆ. ನಿಂತ ಗೋಪುರದಲ್ಲಿ ಈ ದೋಷ ಕಾಣುವುದೇ ಇಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಸರಿಯಾಗಿದೆಯೆಂದು ಕಳುಹಿಸಿದ ಕ್ಯಾಸೆಟ್ಟು ಪ್ರಸಾರ ಕೇಂದ್ರದಿಂದ ವಾಪಸು ಬರುತ್ತದೆ.

ಅದೆಲ್ಲ ಟೇಪಿನ ಕಾಲದ ಮಾತು, ಈಗ ಕಿಸೆಯಲ್ಲೇ ಹೈ ಡೆಫಿನಿಷನ್ ಕ್ಯಾಮೆರಾ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ನಿಜ. 1920 × 1080 ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳು, ಆ ಹಳೆಯ ಡಿ.ವಿ.ಯ ಐದರಷ್ಟು. ಆದರೆ ಅಳತೆಯ ತೊಂದರೆ ಬೇರೆ ವೇಷದಲ್ಲಿ ಹಾಗೇ ಉಳಿದಿದೆ. ಅನೇಕ ಫೋನುಗಳು ಸೆಕೆಂಡಿಗೆ ಇಷ್ಟೇ ಚಿತ್ರವೆಂಬ ನಿಯಮಕ್ಕೆ ನಿಲ್ಲುವುದಿಲ್ಲ. ಬೆಳಕು ಕಡಿಮೆಯಾದರೆ ಚಿತ್ರಗಳ ಸಂಖ್ಯೆಯನ್ನೇ ಇಳಿಸುತ್ತವೆ. ಸಂಕಲನದ ಮೇಜಿಗೆ ಬಂದಾಗ ಅಜ್ಜಿಯ ತುಟಿ ಒಂದು ಕಡೆ, ಹಾಡು ಒಂದು ಕಡೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಟ್ಯೂಬ್‌ಲೈಟಿನಡಿ ಸೆಕೆಂಡಿಗೆ 30 ಚಿತ್ರದಂತೆ ತೆಗೆದರೆ ಕಪ್ಪು ಪಟ್ಟಿಗಳು ಹರಿದಾಡುವುದುಂಟು. 25ಕ್ಕೆ ಇಟ್ಟು, ಷಟರನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಧ್ವನಿಯನ್ನು 48 ಕಿಲೋಹರ್ಟ್ಸಿನಲ್ಲಿ ಇಡಿ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಬಂದ ತುಣುಕನ್ನು ಮೂಲವೆಂದು ಎಂದೂ ಭಾವಿಸಬೇಡಿ. ಅದು ಹಿಂಡಿದ ಕಬ್ಬು. ಚಿತ್ರ ತೆಗೆದವರಿಂದ ಮೂಲ ಕಡತವನ್ನೇ ಕೇಳಿ ಪಡೆಯಿರಿ.

ನಿಮ್ಮ ಮನೆಯ ಬೀರುವಿನಲ್ಲಿ ತಂದೆತಾಯಿಯರ ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ಟು ಇರಬಹುದು. ಅದರಲ್ಲಿ ಈಗ ಇಲ್ಲದಿರುವ ಹಿರಿಯರು ನಡೆದಾಡುತ್ತಿರಬಹುದು, ಮಾತನಾಡುತ್ತಿರಬಹುದು. ಅದನ್ನು ಓದುವ ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಬಂಧುಗಳಲ್ಲಿ ಯಾರ ಬಳಿಯಾದರೂ ಕೆಲಸ ಮಾಡುವ ವಿ.ಸಿ.ಆರ್. ಇದ್ದರೆ ಈ ರಜೆಯಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಎರಡು ಪ್ರತಿ ಮಾಡಿ, ಬೇರೆ ಬೇರೆ ಮನೆಗಳಲ್ಲಿಡಿ. ವರ್ಷ, ಊರು, ಚಿತ್ರದಲ್ಲಿರುವವರ ಹೆಸರುಗಳನ್ನು ಕಡತದ ಜೊತೆ ಬರೆದಿಡಿ. ಕ್ಯಾಸೆಟ್ಟು ಹಾಕುವ ಮುನ್ನ ಅದರ ಕಿಟಕಿಯಲ್ಲಿ ಇಣುಕಿ ನೋಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಮೊದಲು ತಿಳಿದವರಿಂದ ಶುಚಿ ಮಾಡಿಸಿ.